ಊರಿನ ಗೆಳೆಯರು ಸ್ಕಾಟ್ಲೆಂಡಿಗೆ ಬಂದಾಗ

ಫೆಬ್ರುವರಿ ಮುಗಿಯುವ ಹೊತ್ತಿಗೆ ಧಾರವಾಡದ ಕಡೆಯಿಂದ ಫೋನುಗಳು ಶುರುವಾಗುತ್ತವೆ. ಮಕ್ಕಳ ಪರೀಕ್ಷೆ ಎಂದು ಮುಗಿಯುತ್ತದೆ, ಆಫೀಸಿನಲ್ಲಿ ಎಷ್ಟು ರಜೆ ಸಿಕ್ಕೀತು ಎಂಬ ಮಾತೆಲ್ಲ ಆದ ಮೇಲೆ ಅಸಲು ವಿಷಯ ಬರುತ್ತದೆ: ‘ಈ ಸಲ ನಿಮ್ಮ ಕಡೆ ಬರೂಣಂತ ಮಾಡೇವಿ. ಯಾವಾಗ ಬಂದ್ರ ಚಲೋ?’ ಎಡಿನ್‌ಬರೋದಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ಇದಕ್ಕಿಂತ ಸಂತೋಷದ ಪ್ರಶ್ನೆ ಬೇರೆ ಇಲ್ಲ. ನನ್ನ ಉತ್ತರ ಯಾವಾಗಲೂ ಒಂದೇ: ಮೇ ತಿಂಗಳಲ್ಲಿ ಬರ್ರಿ.

ಕಾರಣ ಇದೆ. ಕರ್ನಾಟಕದ ಶಾಲೆಗಳಿಗೆ ಬೇಸಿಗೆ ರಜೆ ಇರುವ ದಿನಗಳಲ್ಲೇ ಸ್ಕಾಟ್ಲೆಂಡಿನಲ್ಲಿ ವರ್ಷದ ಹೆಚ್ಚಿನ ಬಿಸಿಲು ಬೀಳುತ್ತದೆ, ಮಳೆಯೂ ತುಸು ಕಡಿಮೆ. ಮೇ ನಡುವಿನಲ್ಲಿ ಬೆಳಗಿನ ಐದರ ಸುಮಾರಿಗೆ ಸೂರ್ಯ ಹುಟ್ಟಿ, ರಾತ್ರಿ ಒಂಬತ್ತು ದಾಟಿದ ಮೇಲೆ ಮುಳುಗುತ್ತಾನೆ. ಧಾರವಾಡ 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದರೆ ಎಡಿನ್‌ಬರೋ 56 ಡಿಗ್ರಿಯ ಹತ್ತಿರ ಇದೆ. ಹಾಗಾಗಿ ಜೂನ್ ಮೂರನೇ ವಾರದಲ್ಲಿ ಹಗಲು ಹದಿನೇಳೂವರೆ ತಾಸು, ಡಿಸೆಂಬರಿನಲ್ಲಿ ಬರೀ ಏಳು ತಾಸು. ಕ್ರಿಸ್‌ಮಸ್ ರಜೆಗೆ ಬಂದವರು ಊಟ ಮುಗಿಸಿ ಹೊರಗೆ ಹೊರಡುವಷ್ಟರಲ್ಲಿ, ಮೂರೂ ನಲವತ್ತಕ್ಕೆ ಹೊತ್ತು ಮುಳುಗಿರುತ್ತದೆ. ದಸರಾ ರಜೆಯೂ ಕೆಟ್ಟದ್ದಲ್ಲ, ಕಾಡಿನ ಬಣ್ಣ ನೋಡುವವರಿಗೆ ಅದೇ ಸರಿ. ಆಗಸ್ಟಿನಲ್ಲಿ ಮಾತ್ರ 1947ರಿಂದ ನಡೆದುಬಂದ ಎಡಿನ್‌ಬರೋ ಕಲಾ ಉತ್ಸವಗಳಿಗೆ ಜಗತ್ತೇ ಬಂದಿಳಿಯುತ್ತದೆ. ಊರು ಬಹಳ ಚಂದ ಇರುತ್ತದೆ, ಆದರೆ ಹೋಟೆಲಿನ ಬಾಡಿಗೆ ಮುಟ್ಟುವ ಹಾಗಿರುವುದಿಲ್ಲ.

ಮಳೆಯ ಬಗ್ಗೆ ಊರಿನವರಿಗೆ ವಿಪರೀತ ಹೆದರಿಕೆ. ವರ್ಷದ ಒಟ್ಟು ಮಳೆ ಲೆಕ್ಕ ಹಾಕಿದರೆ ಎಡಿನ್‌ಬರೋಗೆ ಬೀಳುವುದು 700 ಮಿಲಿಮೀಟರ್ ಆಸುಪಾಸು. ಬೆಂಗಳೂರಿಗೆ ಅದಕ್ಕಿಂತ ಹೆಚ್ಚು ಬೀಳುತ್ತದೆ. ಅಲ್ಲಿ ಒಂದು ಸಂಜೆ ಸುರಿದುಹೋಗುವ ನೀರು ಇಲ್ಲಿ ವಾರವಿಡೀ ಜಿನುಗುತ್ತದೆ, ಅಷ್ಟೇ. ಪಶ್ಚಿಮದ ಬೆಟ್ಟಗಳ ಮಾತು ಬೇರೆ, ಅಲ್ಲಿ ನಮ್ಮ ಮಲೆನಾಡಿನ ಹಾಗೆ ಹೊಡೆಯುತ್ತದೆ. ಕೊಡೆ ತರಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಇಲ್ಲಿನ ಗಾಳಿಗೆ ಅದು ನಿಲ್ಲುವುದಿಲ್ಲ. ತಲೆಗೆ ಟೊಪ್ಪಿಗೆ ಇರುವ ಒಂದು ಒಳ್ಳೆಯ ಮಳೆಅಂಗಿ ಬೇಕು. ಜೂನಿನಿಂದ ಆಗಸ್ಟ್‌ವರೆಗೆ ಬರುವವರಿಗೆ ಇನ್ನೊಂದು ಮಾತನ್ನೂ ಮೊದಲೇ ಹೇಳಬೇಕು. ಪಶ್ಚಿಮದ ಕಣಿವೆಗಳಲ್ಲಿ ಗಾಳಿ ನಿಂತ ತೇವದ ಸಂಜೆಗಳಲ್ಲಿ ಮಿಡ್ಜ್ ಎಂಬ ಸಣ್ಣ ನೊಣಗಳು ಮೋಡದಂತೆ ಮುತ್ತುತ್ತವೆ. ಗಾಳಿ ಬೀಸಿತೆಂದರೆ ಅವಕ್ಕೆ ಹಾರಲಾಗುವುದಿಲ್ಲ. ಅದಕ್ಕೇ ಡೇರೆ ಹಾಕುವವರು ಗಾಳಿಗೆ ತೆರೆದ ಜಾಗವನ್ನೇ ಹುಡುಕುತ್ತಾರೆ.

ದಿನಾಂಕ ಗೊತ್ತಾದ ಮೇಲೆ ವೀಸಾ. ನಾವು ಕಳಿಸುವ ಆಮಂತ್ರಣ ಪತ್ರದ ಮೇಲೆ ಗೆಳೆಯರು ಬಹಳ ಭಾರ ಹಾಕುತ್ತಾರೆ. ಎಲ್ಲಿ ಉಳಿಯುತ್ತಾರೆ, ನಮಗೆ ಏನಾಗಬೇಕು, ಖರ್ಚು ಯಾರದು ಎಂಬುದನ್ನು ಆ ಪತ್ರ ಹೇಳುತ್ತದೆ, ಅಷ್ಟರಮಟ್ಟಿಗೆ ಉಪಯೋಗ. ಅಧಿಕಾರಿ ನೋಡುವುದು ಬರುವವರ ಸ್ವಂತ ಪರಿಸ್ಥಿತಿಯನ್ನು: ನೌಕರಿ, ಮಂಜೂರಾದ ರಜೆ, ಬ್ಯಾಂಕಿನ ವ್ಯವಹಾರ, ಊರಿಗೆ ಮರಳಲು ಇರುವ ಕಾರಣ. ನಿರಾಕರಿಸಿದರೆ ಶುಲ್ಕ ವಾಪಸ್ ಬರುವುದಿಲ್ಲ, ಆದ್ದರಿಂದ ವೀಸಾ ಕೈಗೆ ಬರುವ ಮೊದಲು ರದ್ದು ಮಾಡಲಾಗದ ಟಿಕೆಟ್ ತೆಗೆಸಬಾರದು. ಪ್ರಯಾಣ ವಿಮೆಯನ್ನಂತೂ ಮಾಡಿಸಲೇಬೇಕು. ಇಲ್ಲಿನ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಯಾರಿಗಾದರೂ ಚಿಕಿತ್ಸೆ ಉಚಿತ. ದಾಖಲಾಗಿ ಹಾಸಿಗೆ ಹಿಡಿದರೆ ಸಂದರ್ಶಕರ ಕೈಗೆ ಬಿಲ್ ಬರುತ್ತದೆ, ಅದು ಸಣ್ಣದಿರುವುದಿಲ್ಲ.

ಇನ್ನು ಪೇಡೆಯ ಸಂಕಟ. ಗೆಳೆಯರು ಹೊರಡುವ ಮುಂಚೆ ನಮ್ಮ ಮನೆಗೆ ಹೋಗಿ ಅವ್ವನನ್ನು ಕಂಡು ಬರುತ್ತಾರೆ, ಅವ್ವ ಅವರ ಕೈಯಲ್ಲಿ ಡಬ್ಬಿ ಕೊಡದೆ ಇರುವುದಿಲ್ಲ. ಆದರೆ ಭಾರತದಿಂದ ಬರುವವರು ಮಾಂಸ, ಹಾಲು, ಹಾಲಿನಿಂದ ಮಾಡಿದ್ದನ್ನು ಬ್ರಿಟನ್ನಿಗೆ ತರುವ ಹಾಗಿಲ್ಲ. ದನಕರುಗಳ ರೋಗ ಗಡಿ ದಾಟಬಾರದೆಂಬ ನಿಯಮ ಇದು. 2001ರಲ್ಲಿ ಕಾಲುಬಾಯಿ ಜ್ವರ ಬಂದು ಲಕ್ಷಾಂತರ ಜಾನುವಾರುಗಳನ್ನು ಕೊಲ್ಲಬೇಕಾಗಿ ಬಂದ ದೇಶ ಇದು, ಹಾಗಾಗಿ ಇದನ್ನು ಬರೀ ಕಾಗದದ ಕಟ್ಟಳೆ ಎಂದು ನಾನು ತಿಳಿಯುವುದಿಲ್ಲ. ಧಾರವಾಡ ಪೇಡೆ, ಬೆಳಗಾವಿಯ ಕುಂದಾ, ಮನೆಯಲ್ಲಿ ಕಾಸಿದ ತುಪ್ಪ, ಮೂರೂ ಊರಲ್ಲೇ ಉಳಿಯಬೇಕು. ಅವುಗಳ ಬದಲು ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಬ್ಯಾಡಗಿ ಖಾರಪುಡಿ, ಕಟಕ ರೊಟ್ಟಿ, ಸಂಡಿಗೆ ತನ್ನಿ ಎಂದು ಬರೆದು ಕಳಿಸುತ್ತೇವೆ. ಅಕ್ಕಿ, ಬೇಳೆ, ಹಿಟ್ಟು, ಕರಿಬೇವು ಇಲ್ಲಿನ ಅಂಗಡಿಗಳಲ್ಲಿ ಸಿಗುತ್ತವೆ. ಸಿಗದಿರುವುದು ಮನೆಯಲ್ಲಿ ಕುಟ್ಟಿದ ಪುಡಿ.

ಮನೆಯೊಳಗಿನ ಸಂಗತಿಗಳನ್ನು ಬಂದ ದಿನವೇ ಹೇಳಿಬಿಡಬೇಕು. ಎಡಿನ್‌ಬರೋ, ಗ್ಲಾಸ್ಗೋಗಳಲ್ಲಿ ನಮ್ಮಂಥ ಬಹಳ ಜನ ಇರುವುದು ಟೆನಮೆಂಟ್ ಎಂದು ಕರೆಯುವ ಹಳೆಯ ಕಲ್ಲುಕಟ್ಟಡಗಳಲ್ಲಿ. ಮೂರು ನಾಲ್ಕು ಅಂತಸ್ತು, ಎಲ್ಲರಿಗೂ ಸೇರಿದ ಒಂದೇ ಕಲ್ಲುಮೆಟ್ಟಿಲು, ಸಾಮಾನ್ಯವಾಗಿ ಲಿಫ್ಟ್ ಇರುವುದಿಲ್ಲ. ಗೋಡೆ ಕಲ್ಲಿನದಾದರೂ ಒಂದು ಮನೆಗೂ ಇನ್ನೊಂದು ಮನೆಗೂ ನಡುವಿನ ನೆಲ ಮರದ ತೊಲೆಗಳದು. ರಾತ್ರಿ ಹನ್ನೊಂದಕ್ಕೆ ಮಕ್ಕಳು ಓಡಾಡಿದರೆ ಕೆಳಗಿನ ಮನೆಯವರ ತಲೆಯ ಮೇಲೆ ಓಡಿದ ಹಾಗೆ ಕೇಳಿಸುತ್ತದೆ. ಬಚ್ಚಲುಮನೆಯ ನೆಲದಲ್ಲಿ ನೀರು ಹರಿದುಹೋಗುವ ಕಿಂಡಿಯೇ ಇಲ್ಲ. ನಮ್ಮಲ್ಲಿಯ ಹಾಗೆ ನೀರು ಚೆಲ್ಲಿ ಸ್ನಾನ ಮಾಡಿದರೆ ಅದು ತೊಲೆಗಳ ನಡುವೆ ಇಳಿದು ಕೆಳಗಿನವರ ಚಾವಣಿಯಲ್ಲಿ ಕಲೆಯಾಗಿ ಮೂಡುತ್ತದೆ. ಅದಕ್ಕೆ ಬಂದ ಕೂಡಲೇ ತೋರಿಸುತ್ತೇವೆ: ಸ್ನಾನ ಈ ತೊಟ್ಟಿಯ ಒಳಗೆ, ಪರದೆಯ ಅಂಚು ತೊಟ್ಟಿಯ ಒಳಬದಿಗೆ. ಪಾಯಿಖಾನೆಯಲ್ಲಿ ಒಂದು ತಂಬಿಗೆ ತುಂಬಿಟ್ಟಿರುತ್ತೇವೆ. ಅತಿಥಿಗಳು ಅದನ್ನು ಬಾಯಿಬಿಟ್ಟು ಕೇಳುವ ಹಾಗಾಗಬಾರದು.

ಒಗ್ಗರಣೆಗೂ ಒಂದು ಕಾನೂನು ಅಡ್ಡ ಬರುತ್ತದೆ. ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ವಸತಿ ಕಟ್ಟಡದಲ್ಲಿ 2017ರಲ್ಲಿ ಬೆಂಕಿ ಬಿದ್ದು 72 ಜನ ಸತ್ತರು. ಆ ದುರಂತದ ಬಳಿಕ ಸ್ಕಾಟ್ಲೆಂಡ್ ಸರ್ಕಾರ ತಂದ ನಿಯಮದಂತೆ 2022ರ ಫೆಬ್ರುವರಿಯಿಂದ ಪ್ರತಿ ಮನೆಯ ನಡುಮನೆಯಲ್ಲೂ ಓಡಾಡುವ ಪಡಸಾಲೆಯಲ್ಲೂ ಹೊಗೆಯ ಅಲಾರಂ, ಅಡುಗೆಮನೆಯಲ್ಲಿ ಶಾಖದ ಅಲಾರಂ ಇರಬೇಕು. ಎಲ್ಲವೂ ಒಂದಕ್ಕೊಂದು ಜೋಡಿಸಿದ್ದಿರಬೇಕು. ಒಂದು ಕೂಗಿದರೆ ಎಲ್ಲವೂ ಕೂಗುತ್ತವೆ. ಒಣಮೆಣಸಿನಕಾಯಿ ಸುಟ್ಟ ಘಾಟು ಪಡಸಾಲೆಗೆ ಹಾಯ್ದರೆ ಮಲಗಿದ ಮಕ್ಕಳೂ ಎದ್ದು ಕೂರುತ್ತಾರೆ. ಅಡುಗೆಮನೆಯ ಬಾಗಿಲು ಮುಚ್ಚಿ, ಕಿಟಕಿ ತೆರೆದು, ಹೊಗೆಯ ಫ್ಯಾನ್ ಹಾಕಿಕೊಂಡು ಒಗ್ಗರಣೆ ಕೊಟ್ಟರೆ ಏನೂ ಆಗುವುದಿಲ್ಲ. ಇದನ್ನು ತಿಳಿಸಿಕೊಟ್ಟ ಮೇಲೆ ನಾವು ಅಡುಗೆಮನೆಯನ್ನು ಗೆಳೆಯರಿಗೂ ಬಿಟ್ಟುಕೊಡುತ್ತೇವೆ. ಅತಿಥಿಗಳು ಸೋಫಾದ ಮೇಲೆ ಕೂತಿರಲಿ, ನಾವೇ ಬಡಿಸುತ್ತೇವೆ ಎನ್ನುವ ಉಪಚಾರ ಮೂರು ದಿನಕ್ಕಿಂತ ನಡೆಯುವುದಿಲ್ಲ, ಎರಡೂ ಕಡೆಯವರಿಗೆ ದಣಿವು. ವೈನಿಯವರು ರೊಟ್ಟಿ ಬಡಿಯಲು ನಿಂತು, ಗೆಳೆಯ ಉಳ್ಳಾಗಡ್ಡಿ ಹೆಚ್ಚಲು ಕೂತ ಸಂಜೆಯಿಂದಲೇ ಅವರು ನಿಜವಾಗಿ ನಮ್ಮ ಮನೆಗೆ ಬಂದಂತೆ ನನಗೆ ಅನ್ನಿಸುತ್ತದೆ.

ಊರಿನ ಓದುಗರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ಇಲ್ಲಿ ನೌಕರಿ ಮಾಡುವವರಿಗೆ ಕಾನೂನಿನ ಪ್ರಕಾರ ಸಿಗಬೇಕಾದ ಕನಿಷ್ಠ ರಜೆ ವರ್ಷಕ್ಕೆ 5.6 ವಾರ, ವಾರಕ್ಕೆ ಐದು ದಿನದ ಕೆಲಸವಾದರೆ 28 ದಿನ. ಸಾರ್ವಜನಿಕ ರಜೆಗಳನ್ನೂ ಅದರಲ್ಲೇ ಸೇರಿಸಬಹುದು. ಊರಿಗೆ ಹೋಗಿಬರಲು ಅದರ ದೊಡ್ಡ ಪಾಲು ತೀರುತ್ತದೆ. ಹೀಗಾಗಿ ಗೆಳೆಯರು ಎರಡು ವಾರ ಉಳಿದರೆ ಅದರಲ್ಲಿ ಕೆಲವು ದಿನ ನಾವು ಕೆಲಸಕ್ಕೆ ಹೋಗಲೇಬೇಕು. ಇದನ್ನು ಉದಾಸೀನ ಎಂದು ತಿಳಿಯಬಾರದು. ಕೈಗೊಂದು ಮನೆಯ ಕೀಲಿ ಕೊಟ್ಟು, ಬಸ್ಸಿನಲ್ಲಿ ಬ್ಯಾಂಕ್ ಕಾರ್ಡ್ ತಾಗಿಸಿ ಹತ್ತುವುದನ್ನು ತೋರಿಸಿದರೆ ಎಡಿನ್‌ಬರೋ ನಗರವನ್ನು ಗೆಳೆಯರು ತಾವೇ ಸುತ್ತಬಲ್ಲರು. ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೂ ಚಿತ್ರಶಾಲೆಗೂ ಪ್ರವೇಶ ಉಚಿತ. 1670ರಲ್ಲಿ ಶುರುವಾದ ಸಸ್ಯೋದ್ಯಾನದ ಬಯಲಿಗೂ ಟಿಕೆಟ್ ಇಲ್ಲ.

ನನ್ನ ಮುಖ್ಯ ತಕರಾರು ಇರುವುದು ಸುತ್ತಾಟದ ಪಟ್ಟಿಯ ಬಗ್ಗೆ. ವಾಟ್ಸಾಪ್‌ನಲ್ಲಿ ಬರುವ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ: ಲಾಕ್ ನೆಸ್, ಸ್ಕೈ ದ್ವೀಪ, ಹ್ಯಾರಿ ಪಾಟರ್ ಸಿನಿಮಾದ ರೈಲು ಹಾಯುವ ಗ್ಲೆನ್‌ಫಿನ್ನನ್ ಸೇತುವೆ, ವಿಸ್ಕಿ ಬಟ್ಟಿ, ಎರಡು ಕೋಟೆ, ಎಲ್ಲ ನಾಲ್ಕೇ ದಿನದಲ್ಲಿ. ನಕ್ಷೆಯಲ್ಲಿ ಸ್ಕಾಟ್ಲೆಂಡ್ ಸಣ್ಣದಾಗಿ ಕಾಣುತ್ತದೆ, ಕರ್ನಾಟಕದ ಅರ್ಧಕ್ಕಿಂತಲೂ ಕಡಿಮೆ ವಿಸ್ತೀರ್ಣ. ಆದರೆ ಪಶ್ಚಿಮದಲ್ಲಿ ಸಮುದ್ರ ಬೆರಳುಬೆರಳಾಗಿ ಬೆಟ್ಟಗಳ ನಡುವೆ ನುಗ್ಗಿದೆ. ಎದುರಿಗೆ ಕಾಣುವ ಹಳ್ಳಿಗೆ ಹೋಗಲು ಇಡೀ ಕೊಲ್ಲಿ ಬಳಸಬೇಕು. ದಾರಿ ಎಷ್ಟೋ ಕಡೆ ಒಂದೇ ಗಾಡಿಯ ಅಗಲ, ಎದುರಿಗೆ ಬಂದವರಿಗೆ ಬದಿಯ ತಂಗುಜಾಗದಲ್ಲಿ ನಿಂತು ದಾರಿ ಬಿಡಬೇಕು. ಎಡಿನ್‌ಬರೋದಿಂದ ಸ್ಕೈ ದ್ವೀಪದ ಪೋರ್ಟ್ರೀಗೆ ಎಲ್ಲೂ ನಿಲ್ಲದೆ ಹೋದರೂ ಐದು ತಾಸಿಗೆ ಮಿಕ್ಕುತ್ತದೆ. ಭಾರತದ ಲೈಸೆನ್ಸಿನಲ್ಲಿ ಹನ್ನೆರಡು ತಿಂಗಳು ಇಲ್ಲಿ ಕಾರು ಓಡಿಸಬಹುದು ಎಂಬುದು ನಿಜ, ಗೆಳೆಯರಿಗೆ ಉಮೇದೂ ಇರುತ್ತದೆ. ಓಡಿಸುವವರು ವಿಸ್ಕಿ ಬಟ್ಟಿಯಲ್ಲಿ ಒಂದು ಹನಿಯನ್ನೂ ನಾಲಗೆಗೆ ಸೋಕಿಸಬಾರದು. 2014ರ ಡಿಸೆಂಬರಿನಿಂದ ಇಲ್ಲಿನ ಮದ್ಯದ ಮಿತಿ ಇಂಗ್ಲೆಂಡಿಗಿಂತ ಕಡಿಮೆ, ನೂರು ಮಿಲಿಲೀಟರ್ ರಕ್ತಕ್ಕೆ 50 ಮಿಲಿಗ್ರಾಂ. ಸೀಟಿನಲ್ಲಿ ಕೂತು ಕಿಟಕಿಯಿಂದ ನೋಡಿದ ಹತ್ತು ಜಾಗಕ್ಕಿಂತ ಇಳಿದು ನಡೆದ ಎರಡು ಜಾಗ ಮೇಲು. ಈ ಮಾತಿನಲ್ಲಿ ನಾನು ಹಟಮಾರಿ. ಆ ಎರಡನ್ನು ಆರಿಸುವಾಗ, ಕನ್ನಡದವರಿಗೆ ಮಾತಾಡಲು ಏನಾದರೂ ಸಿಗುವ ಜಾಗವನ್ನೇ ನೋಡುತ್ತೇನೆ.

ಅಂಥ ಜಾಗಗಳಿಗೆ ಇಲ್ಲಿ ಬರವಿಲ್ಲ. ನಾವು ಶಾಲೆಯಲ್ಲಿ ಓದಿದ ಇತಿಹಾಸದ ಎಷ್ಟೋ ಹೆಸರುಗಳ ಊರುಮನೆ ಇಲ್ಲಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದೆ ಇದ್ದವನು ಡೇವಿಡ್ ಬೇರ್ಡ್, ಎಡಿನ್‌ಬರೋದ ಪೂರ್ವಕ್ಕೆ ನ್ಯೂಬಿತ್‌ನಲ್ಲಿ ಹುಟ್ಟಿದವನು. ಅದಕ್ಕೂ ಮೊದಲು, 1780ರಿಂದ 1784ರವರೆಗೆ, ಅದೇ ಪಟ್ಟಣದಲ್ಲಿ ಸೆರೆಯಲ್ಲಿದ್ದವನು. ಟಿಪ್ಪುವಿನ ದೇಹವನ್ನು ಅವನು ಪತ್ತೆ ಮಾಡುತ್ತಿರುವ ದೊಡ್ಡ ತೈಲಚಿತ್ರವನ್ನು ಡೇವಿಡ್ ವಿಲ್ಕಿ 1839ರಲ್ಲಿ ಮುಗಿಸಿದ. ಅದು ಇಂದು ಸ್ಕಾಟ್ಲೆಂಡಿನ ರಾಷ್ಟ್ರೀಯ ಸಂಗ್ರಹದಲ್ಲಿದೆ. ಬೇರ್ಡ್‌ನ ನೆನಪಿನ ಕಲ್ಲುಕಂಬ ಕ್ರೀಫ್ ಊರಿನ ಹತ್ತಿರದ ಗುಡ್ಡದ ನೆತ್ತಿಯಲ್ಲಿ ನಿಂತಿದೆ. ಗೆದ್ದವನ ಊರಿನಲ್ಲಿ ನಿಂತು ಈ ಕತೆ ಕೇಳುವುದು ನಮ್ಮವರಿಗೆ ಸುಲಭವಲ್ಲ, ಸುಲಭವಾಗಬೇಕೆಂದೂ ನಾನು ಬಯಸುವುದಿಲ್ಲ. ಅದೇ ಸೀಮೆಯ ಕ್ಯಾಲಂಡರ್ ಎಂಬ ಊರು ಫ್ರಾನ್ಸಿಸ್ ಬುಕಾನನ್‌ನದು. ಟಿಪ್ಪು ಬಿದ್ದ ಮರುವರ್ಷ ಮೈಸೂರು, ಕೆನರಾ, ಮಲಬಾರುಗಳಲ್ಲಿ ತಿರುಗಿ ನಮ್ಮ ಬೆಳೆ, ನೇಗಿಲು, ಕೆರೆ, ಸಂತೆಗಳ ವಿವರ ಬರೆದಿಟ್ಟವನು ಅವನು. ಕೆನರಾದ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಗ್ಲಾಸ್ಗೋದವನು. ಕೈಫಿಯತ್ತುಗಳನ್ನು ಸಂಗ್ರಹಿಸಿದ ಕಾಲಿನ್ ಮೆಕೆಂಝಿ ದೂರದ ಲೂಯಿಸ್ ದ್ವೀಪದ ಸ್ಟಾರ್ನೊವೇಯವನು. ಹಳ್ಳಿಹಳ್ಳಿಯ ಇತಿಹಾಸ ಬರೆಯುವ ನಮ್ಮ ವಿದ್ವಾಂಸರು ಇಂದಿಗೂ ಅವನ ಸಂಗ್ರಹಕ್ಕೆ ಕೈಹಾಕುತ್ತಾರೆ.

ಗ್ಲೆನ್‌ಕೋ ಕಣಿವೆಗೆ ಮಾತ್ರ ಎಲ್ಲರನ್ನೂ ಕರೆದೊಯ್ಯುತ್ತೇನೆ. ನೋಟ ಅದ್ಭುತ, ಆದರೆ ಅಲ್ಲಿಗೆ ಹೋಗುವುದು ಅದಕ್ಕಷ್ಟೇ ಅಲ್ಲ. 1692ರ ಜನವರಿ 1ರೊಳಗೆ ರಾಜ ವಿಲಿಯಂನಿಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ಹೈಲ್ಯಾಂಡಿನ ಕುಲಗಳಿಗೆ ಅಪ್ಪಣೆಯಾಗಿತ್ತು. ಗ್ಲೆನ್‌ಕೋದ ಮ್ಯಾಕ್‌ಡೊನಾಲ್ಡ್ ಕುಲದ ಮುಖಂಡ ಗಡುವಿನ ಹಿಂದಿನ ದಿನ ಫೋರ್ಟ್ ವಿಲಿಯಂಗೆ ಹೋದರೆ, ಪ್ರಮಾಣ ಪಡೆಯುವ ಅಧಿಕಾರ ತನಗಿಲ್ಲವೆಂದು ಅಲ್ಲಿನ ಅಧಿಕಾರಿ ಅವನನ್ನು ದೂರದ ಇನ್ವೆರಾರಿಗೆ ಕಳಿಸಿದ. ಪ್ರಮಾಣ ಮುಗಿದಾಗ ಜನವರಿ 6. ಫೆಬ್ರುವರಿ ಶುರುವಿನಲ್ಲಿ ರಾಬರ್ಟ್ ಕ್ಯಾಂಪ್‌ಬೆಲ್ ಎಂಬ ಕ್ಯಾಪ್ಟನ್ನನ ಸೈನಿಕರು ಕಣಿವೆಗೆ ಬಂದು ತಂಗಲು ಜಾಗ ಕೇಳಿದರು. ಮ್ಯಾಕ್‌ಡೊನಾಲ್ಡರು ಅವರನ್ನು ಮನೆಮನೆಗೆ ಹಂಚಿಕೊಂಡು ಹನ್ನೆರಡು ದಿನ ಉಣ್ಣಿಸಿದರು, ಬೆಂಕಿಯ ಪಕ್ಕ ಮಲಗಿಸಿದರು. ಫೆಬ್ರುವರಿ 13ರ ನಸುಕಿನಲ್ಲಿ ಆ ಸೈನಿಕರು ಉಂಡ ಮನೆಯವರನ್ನೇ ಕೊಂದರು. ಸತ್ತವರು 38 ಎಂದು ಎಣಿಕೆ. ಹಿಮದಲ್ಲಿ ಬೆಟ್ಟಕ್ಕೆ ಓಡಿ ಚಳಿಗೆ ಸತ್ತವರು ಬೇರೆ. ಆ ಕಾಲದಲ್ಲಿ ಇದಕ್ಕಿಂತ ದೊಡ್ಡ ಕೊಲೆಗಳು ನಡೆದಿದ್ದವು. ಆದರೂ ಸ್ಕಾಟ್ಲೆಂಡ್ ಇದನ್ನು ಮುನ್ನೂರು ವರ್ಷ ಮರೆತಿಲ್ಲ, ಯಾಕೆಂದರೆ ಕೊಂದವರು ಅತಿಥಿಗಳಾಗಿದ್ದರು. ನಂಬಿಕೆಯ ನೆರಳಿನಲ್ಲಿ ಮಾಡಿದ ಕೊಲೆಯನ್ನು ಇಲ್ಲಿನ ಹಳೆಯ ಕಾನೂನು ಉಳಿದ ಕೊಲೆಗಳಿಗಿಂತ ಘೋರವೆಂದು ಪ್ರತ್ಯೇಕವಾಗಿಯೇ ಎಣಿಸುತ್ತಿತ್ತು. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಕೇಳುತ್ತ ಬೆಳೆದ ನಮ್ಮವರಿಗೆ ಈ ಕತೆಯನ್ನು ವಿವರಿಸಬೇಕಾಗಿಯೇ ಇಲ್ಲ. ಕೇಳಿದ ಕೂಡಲೇ, ಈ ಜನ ನಮ್ಮ ಥರದವರೇ ಎನ್ನುವುದು ಅವರಿಗೆ ತಿಳಿಯುತ್ತದೆ. ನೂರು ಕೋಟೆ ತೋರಿಸಿದರೂ ಅಷ್ಟು ತಿಳಿಯುವುದಿಲ್ಲ.

ದಿನಗಳು ಹೆಚ್ಚಿದ್ದರೆ ಮಲ್ ದ್ವೀಪ. ಓಬನ್ ಬಂದರಿನಿಂದ ದೊಡ್ಡ ಹಡಗಿನಲ್ಲಿ ಮುಕ್ಕಾಲು ತಾಸಿನ ದಾರಿ. ಕಾರನ್ನು ಒಯ್ಯುವುದಾದರೆ ಬೇಸಿಗೆಯಲ್ಲಿ ವಾರಗಳ ಮುಂಚೆ ಜಾಗ ಕಾದಿರಿಸಬೇಕು. ಮಲ್‌ನ ಪಶ್ಚಿಮ ದಂಡೆಯಲ್ಲಿ ಕೂಗಳತೆಯ ದೂರಕ್ಕೆ ಅಲ್ವಾ ಎಂಬ ಪುಟ್ಟ ದ್ವೀಪ ಇದೆ. ಅದರ ಒಡೆಯನೊಬ್ಬ ಒಲಿದ ಹೆಣ್ಣನ್ನು ಕರೆದುಕೊಂಡು ಓಡಿಬರುತ್ತಾನೆ, ಹಿಂದೆ ಅವಳ ಅಪ್ಪನ ಕುದುರೆಗಳು, ಎದುರಿಗೆ ಬಿರುಗಾಳಿಯ ನೀರು. ಗ್ಲಾಸ್ಗೋದ ಕವಿ ಥಾಮಸ್ ಕ್ಯಾಂಪ್‌ಬೆಲ್ ಯೌವನದಲ್ಲಿ ಮಲ್‌ನಲ್ಲಿ ಮನೆಪಾಠ ಹೇಳುತ್ತಿದ್ದವನು, ಈ ಕತೆಯನ್ನು ಕವಿತೆ ಮಾಡಿದ. ಬಿ.ಎಂ.ಶ್ರೀ. ಅದನ್ನು ‘ಕಾರಿ ಹೆಗ್ಗಡೆಯ ಮಗಳು’ ಮಾಡಿ ಕನ್ನಡಕ್ಕೆ ತಂದರು. ಪಠ್ಯಪುಸ್ತಕದಲ್ಲಿ ಅದನ್ನು ಬಾಯಿಪಾಠ ಮಾಡಿದವರಿಗೆ ಈ ನೀರು ನಿಜಕ್ಕೂ ಇದೆ, ಇಷ್ಟೇ ಅಗಲ ಇದೆ ಎಂಬುದು ಗೊತ್ತಿರುವುದಿಲ್ಲ. ಈಗಲೂ ಅಲ್ವಾಕ್ಕೆ ಸೇತುವೆ ಇಲ್ಲ. ದಂಡೆಯಲ್ಲಿರುವ ಹಲಗೆಯನ್ನು ಸರಿಸಿದರೆ ಕೆಳಗಿನ ಕೆಂಪು ಬಣ್ಣ ಕಾಣುತ್ತದೆ, ಅದನ್ನು ನೋಡಿ ಆಚೆಯಿಂದ ಅಂಬಿಗ ಬರುತ್ತಾನೆ. ನಮ್ಮ ಜೊತೆ ಬಂದ ಗೆಳೆಯನೊಬ್ಬ ಆ ಹಲಗೆ ಸರಿಸಿ, ಶಾಲೆ ಬಿಟ್ಟ ಮೇಲೆ ಎಂದೂ ನೆನೆಯದ ಆ ಪದ್ಯವನ್ನು ಮೊದಲಿಂದ ಕೊನೆಯವರೆಗೆ ಮಕ್ಕಳ ಮುಂದೆ ಹೇಳಿಬಿಟ್ಟ. ಸ್ಕೈ ದ್ವೀಪ ನೋಡಲಿಲ್ಲವೆಂದು ಅವನು ಆಮೇಲೆ ಒಮ್ಮೆಯೂ ಅನ್ನಲಿಲ್ಲ.

ದುಡ್ಡಿನ ಮಾತನ್ನು ಮೊದಲ ಸಂಜೆಯೇ ಆಡಬೇಕು. ಸಂಕೋಚದಿಂದ ಅದನ್ನು ಮುಂದೂಡಿದರೆ ಪ್ರತಿ ಟಿಕೆಟ್ ಕಿಟಕಿಯ ಮುಂದೆಯೂ ‘ನಾ ಕೊಡ್ತೀನಿ, ನೀ ಬಿಡು’ ಎಂಬ ಜಗ್ಗಾಟ. ಒಂದು ಪೌಂಡಿಗೆ ನೂರು ರೂಪಾಯಿಗೂ ಹೆಚ್ಚು. ನಮಗೆ ಸಣ್ಣದಾಗಿ ಕಾಣುವ ಖರ್ಚು ಊರಿನ ಸಂಬಳದಲ್ಲಿ ಬದುಕುವವರಿಗೆ ಹಾಗಲ್ಲ, ಅದನ್ನು ಅವರು ಬಾಯಿಬಿಟ್ಟು ಹೇಳುವುದೂ ಇಲ್ಲ. ನಾವು ಕಂಡುಕೊಂಡ ರೀತಿ ಸರಳ: ಮನೆ, ಊಟ, ಕಾರಿನ ಎಣ್ಣೆ ನಮ್ಮದು; ಹಡಗು, ಕೋಟೆ, ಹೊರಗಿನ ಕೋಣೆ ಅವರದು. ಅವರು ಎಲ್ಲಿ ಉಳಿಯುತ್ತಾರೆಂಬುದನ್ನು ಕೂಡಿಯೇ ಲೆಕ್ಕ ಹಾಕುತ್ತೇವೆ. ಎಡಿನ್‌ಬರೋದಲ್ಲಿ ಹೋಟೆಲ್ ಹಿಡಿಯುವವರಿಗೆ 2026ರ ಜುಲೈ 24ರಿಂದ ಕೋಣೆಯ ಬಾಡಿಗೆಯ ಮೇಲೆ ಶೇ 5ರಷ್ಟು ಪ್ರವಾಸಿ ಸುಂಕ ಇದೆ, ಮೊದಲ ಐದು ರಾತ್ರಿಗಳಿಗೆ. ಗೆಳೆಯರ ಮನೆಯಲ್ಲಿ ಉಳಿದವರಿಗೆ ಅದು ಇಲ್ಲ.

ಗೆಳೆಯರು ಹೋದ ಮೇಲೆ ಅವರ ಅಪ್ಪ ಅಮ್ಮ ಫೋನು ಮಾಡಿ ತಾವೂ ಬರಬಹುದೇ ಎಂದು ಕೇಳುವುದಿದೆ. ಖಂಡಿತ ಬರಬಹುದು. ಟಿಕೆಟ್ ತೆಗೆಸುವಾಗಲೇ ವಿಮಾನದವರಿಗೆ ಹೇಳಿ ಗಾಲಿಕುರ್ಚಿಯ ಸಹಾಯ ಬರೆಸಬೇಕು, ದುಬೈಯಲ್ಲಾಗಲಿ ಲಂಡನ್ನಿನಲ್ಲಾಗಲಿ ವಿಮಾನ ಬದಲಿಸುವಾಗ ನಡೆಯುವ ದೂರ ಬಹಳ. ದಿನದ ಮಾತ್ರೆಗಳನ್ನು ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ನಮ್ಮ ಮನೆಯ ಕಲ್ಲುಮೆಟ್ಟಿಲು ಮೊಣಕಾಲು ನೋವಿನವರಿಗೆ ಆಗುವುದಿಲ್ಲ. ಅವರಿಗೆ ಹತ್ತಿರದಲ್ಲೇ ನೆಲಮಟ್ಟದ ಒಂದು ಕೋಣೆ ಹಿಡಿದು, ಊಟವನ್ನು ನಮ್ಮ ಮನೆಯಿಂದ ಅಲ್ಲಿಗೇ ಒಯ್ದು ಎಲ್ಲರೂ ಕೂಡಿ ಉಣ್ಣುತ್ತೇವೆ.